ಮೀನಿನ ತೊಟ್ಟಿಗೆ ಗಂಗೆಪೂಜೆ

ಅತ್ತೆ ಬೊಗಸೆ ತುಂಬ ಅರಿಸಿನ ಕುಂಕುಮವನ್ನು ಮೀನಿನ ತೊಟ್ಟಿಗೆ ಸುರಿದುಬಿಟ್ಟರು. ಹೊಸ ನೀರು ತುಂಬಿದಾಗ ಗಂಗೆಪೂಜೆ ಆಗಬೇಕಲ್ಲ! ಮೈಸೂರಿನ ಅಗ್ರಹಾರದ ನಮ್ಮ ಪುಟ್ಟ ಮನೆಯಲ್ಲಿ, ನಡುಮನೆಯ ಗೋಡೆಯಿಂದ ಗೋಡೆಗೆ ಯಜಮಾನರು ಕಟ್ಟಿದ್ದ ಗಾಜಿನ ತೊಟ್ಟಿ ಅದು. ನೀರು ಕೆಂಪಾಯಿತು. ಮೀನುಗಳು ಬಾಯಿ ತೆರೆದು ಮೇಲೆ ಬಂದವು. ಕಚೇರಿಗೆಂದು ಪೇಟ ಸುತ್ತಿದ್ದ ಯಜಮಾನರು ಹಾಗೆಯೇ ಓಡಿಬಂದು, ಅಡುಗೆಮನೆಯ ಪಾತ್ರೆಗಳಿಗೆ ನೀರು ತುಂಬಿ, ಮೀನುಗಳನ್ನು ಜರಡಿಯಿಂದೆತ್ತಿ ಬಿಟ್ಟರು.

“ಅಯ್ಯೋ, ಸಾರಿನ ಪಾತ್ರೆಗೆ ಮೀನು ಬಿಟ್ಟೆಯಲ್ಲೋ!” ಎಂದರು ಅತ್ತೆ.

“ನಿನ್ನ ಗಂಗಮ್ಮನ ಮಕ್ಕಳು ಮೊದಲು ಉಸಿರಾಡ್ಲಿ ಕಣಮ್ಮ!”

ಮೀನುಗಳೆಲ್ಲ ಬದುಕಿದವು, ಆ ಪಾತ್ರೆಗಳು ಮಾತ್ರ ಮತ್ತೆ ಒಲೆ ಏರಲಿಲ್ಲ. ಅಂದು ಬರೀ ಅವಲಕ್ಕಿ ತಿಂದ ಅತ್ತೆ, ಸಾರಿನ ಪಾತ್ರೆಯತ್ತ ಬಗ್ಗಿ, “ಸುಸ್ತಾಯ್ತೇನೋ?” ಎಂದು ಮೆಲ್ಲಗೆ ಕೇಳಿದ್ದು ಇನ್ನೂ ನನ್ನ ಕಿವಿಯಲ್ಲಿದೆ.