ಅರಿಶಿನ ಕುಂಕುಮ ಹಚ್ಚಿದ ಕ್ಯಾಲಿಪರ್

ದೇಶ ಬಿಟ್ಟು ಅಪ್ಪರ್ ಹಟ್ ಎಂಬ ಊರಿಗೆ ಬಂದಮೇಲೆ ಯಜಮಾನರು ಆಫೀಸಿನವರ ಜೊತೆ ಜಿಂಕೆ ಬೇಟೆ ಕಲಿತರು. ತೋಟಾಗಳನ್ನು ಮನೆಯಲ್ಲೇ ತುಂಬಿಕೊಳ್ಳಲು ಗ್ಯಾರೇಜಿಗೆ ಪ್ರೆಸ್ಸು, ತಕ್ಕಡಿ, ಎರಡು ಹಲ್ಲುಗಳ ನಡುವೆ ಹಿಡಿದು ಅಳೆಯುವ ಕ್ಯಾಲಿಪರ್ ತಂದಿಟ್ಟರು. ಅಳೆಯುವ ತಾಳ್ಮೆ ಮಾತ್ರ ಇರಲಿಲ್ಲ. ಆ ಕೆಲಸ ನನ್ನ ಪಾಲಿಗೆ ಬಂತು.

ಗುಂಡು ಹಾರಿದ ಹಿತ್ತಾಳೆ ಕೇಸು ಉಬ್ಬಿರುತ್ತದೆ. ಪ್ರೆಸ್ಸಿನಲ್ಲಿ ಒತ್ತಿ ಮೊದಲಿನ ಆಕಾರಕ್ಕೆ ತಂದಮೇಲೆ, ತಳದಿಂದ, ಕೇಸು ಕಿರಿದಾಗುವ ಭುಜದವರೆಗೆ ಅಳೆಯಬೇಕು. ಕೂದಲೆಳೆಯಷ್ಟು ಹೆಚ್ಚಾದರೂ ರೈಫಲ್ಲಿನೊಳಗೆ ಕೂರುವುದಿಲ್ಲ. ಮೊದಮೊದಲು ಒಂದೇ ಕೇಸು ಸಲಕ್ಕೊಂದು ಸಂಖ್ಯೆ ತೋರಿಸುತ್ತಿತ್ತು. ಆಮೇಲೆ ಕಲಿತೆ: ಒತ್ತುವಾಗ ಹಚ್ಚಿದ ಎಣ್ಣೆ ಒರೆಸಬೇಕು, ತಳದಲ್ಲಿ ಕಿಡಿ ಹೊತ್ತಿಸುವ ಹಳೆಯ ಪ್ರೈಮರ್ ತೆಗೆದಿರಬೇಕು, ಕ್ಯಾಲಿಪರನ್ನು ಹಿಸುಕದೆ ಪ್ರತಿ ಸಲ ಒಂದೇ ಹದದಲ್ಲಿ ಮುಚ್ಚಬೇಕು. ಕೊನೆಗೆ ಕೈ ಕೂತಿತು. ಈ ದೇಶದಲ್ಲಿ 'ಇದು ನನಗೆ ಬರುತ್ತದೆ' ಎಂದುಕೊಂಡ ಮೊದಲ ಕೆಲಸ ಅದು.

ಆಯುಧಪೂಜೆ ಕಳೆದಮೇಲೆ ಅಳತೆ ಮತ್ತೆ ಅಲೆದಾಡತೊಡಗಿತು.

"ಅರಿಶಿನ ಕುಂಕುಮ ಹಚ್ಚಿದ್ದೀಯಲ್ಲ, ಸಂದಿಗೆ ಸೇರಿರತ್ತೆ," ಎಂದರು ಯಜಮಾನರು.

ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಒರೆಸಿದೆ. ಸರಿಹೋಗಲಿಲ್ಲ.

"ಹಾಗಾದ್ರೆ ನಿನ್ನ ಕೈಯೇ ಕಣೇ. ನಡುಗತ್ತಾ ಅಂತ ನೋಡ್ಕೋ."

ಬಚ್ಚಲಲ್ಲಿ ನಿಂತು ಬೆರಳು ಚಾಚಿ ನೋಡಿಕೊಂಡೆ. ನೋಡಿದಷ್ಟೂ ನಡುಗುತ್ತಿವೆ ಅನ್ನಿಸಿತು. ಗ್ಯಾರೇಜಿಗೆ ಹೋಗುವುದನ್ನೇ ಬಿಟ್ಟೆ.

ಒಂದು ಭಾನುವಾರ, ಬೇಟೆಗೆ ಜೊತೆಯಾಗುವ ಹುಬ್ಬಳ್ಳಿಯ ಗೆಳೆಯರೊಬ್ಬರು ಊಟಕ್ಕೆ ಬಂದರು.

"ವೈನಿ, ಅಳಿಯೋದು ಬಿಟ್ರಂತ?"

"ಚಪಾತಿ ಲಟ್ಟಿಸೋ ಕೈಗೆ ಕ್ಯಾಲಿಪರ್ ಕೊಟ್ರೆ ಇನ್ನೇನಾಗತ್ತೆ?" ಎಂದು ಯಜಮಾನರು ನಕ್ಕರು. ನಾನೂ ನಕ್ಕೆ.

ಗೆಳೆಯರು ನಗಲಿಲ್ಲ. "ಅಲ್ಲೋ ಮಾರಾಯಾ, ಹಬ್ಬದ ಮರುದಿನ ನಿನ್ನ ಕೈಯಾಗಿಂದ ಕಾಂಕ್ರೀಟ್ ಮ್ಯಾಲ ಬಿತ್ತಲ್ಲ ಅದು? ಹೊಸಾದು ತರ್ತೀನಿ ಅಂದಿದ್ದಿ?"

ಯಜಮಾನರು ಉಪ್ಪಿನಕಾಯಿ ಹಾಕಿಕೊಂಡರು.

ನಾನು ಎದ್ದು ಗ್ಯಾರೇಜಿಗೆ ಹೋದೆ. ಕ್ಯಾಲಿಪರಿನ ಹಲ್ಲುಗಳನ್ನು ಪೂರ್ತಿ ಮುಚ್ಚಿ ಕಿಟಕಿಗೆ ಹಿಡಿದೆ. ತುದಿ ಕೂಡಿತ್ತು, ಬುಡದಲ್ಲಿ ಬೆಳಕಿನ ಎಳೆಯೊಂದು ಹಾದುಬರುತ್ತಿತ್ತು. ಹಿಂದೆಯೇ ಯಜಮಾನರು ಬಂದರು.

"ಹೇಳೋಣ ಅಂತಿದ್ದೆ. ಒಂದು ಕ್ಯಾಲಿಪರ್ ತಾನೆ."

"ಕೈ ನಡುಗತ್ತಾ ನೋಡ್ಕೋ ಅಂದ್ರಲ್ಲ, ಆವಾಗ್ಲೂ ನಿಮಗೆ ಗೊತ್ತಿತ್ತಾ?"

"ಒಳಗೆ ಬಾ, ಅವನೊಬ್ನೇ ಕೂತಿದಾನೆ."

ಹೋದೆ. ಗೆಳೆಯರಿಗೆ ಅನ್ನ ಬಡಿಸಿದೆ, ಮೊಸರು ಬಡಿಸಿದೆ. ಯಜಮಾನರ ತಟ್ಟೆಯ ಪಕ್ಕದಲ್ಲಿ ಅನ್ನದ ಪಾತ್ರೆಯನ್ನಿಟ್ಟು, ಸೌಟನ್ನು ಅವರ ಕಡೆಗೆ ತಿರುಗಿಸಿ, ನನ್ನ ತಟ್ಟೆಯ ಮುಂದೆ ಕೂತೆ.