ಬ್ಯಾಟರಿ ಮೇಲಿನ ಕುಂಕುಮ

1983ರಲ್ಲಿ ನಾನು ಬ್ಯಾಟರಿ ಕಂಪನಿಯೊಂದರ ಸರ್ವಿಸ್ ಎಂಜಿನಿಯರ್ ಆಗಿ ಅರಸೀಕೆರೆಯಲ್ಲಿದ್ದೆ. ಎಂಜಿನಿಯರ್ ಅನ್ನುವುದು ವಿಸಿಟಿಂಗ್ ಕಾರ್ಡಿನ ಮಾತು. ಆಸಿಡ್ ತಿಂದು ತೂತುಬಿದ್ದ ಪ್ಯಾಂಟು ಹಾಕಿಕೊಂಡು, ಹೈಡ್ರೋಮೀಟರ್ ಚೀಲ ಹೆಗಲಿಗೇರಿಸಿ ಹಳೇಬೀಡು, ಬೇಲೂರು ಕಡೆಯ ಬಸ್ಸು ಹತ್ತುವುದೇ ನನ್ನ ಕೆಲಸ. ಲಾರಿ, ಟ್ರ್ಯಾಕ್ಟರ್, ಸಿನಿಮಾ ಟೆಂಟು, ಎಲ್ಲದರ ಬ್ಯಾಟರಿಯನ್ನೂ ನೋಡಿದ್ದೆ. ಗಾಲ್ಫ್ ಆಟಕ್ಕೂ ಒಂದು ಬ್ಯಾಟರಿ ಇರುತ್ತದೆಂದು ತಿಳಿದದ್ದು ಆ ವರ್ಷದ ನವೆಂಬರಿನಲ್ಲಿ.

ಬಿಕ್ಕೋಡಿನ ಆಚೆ ಕಾಫಿ ಪ್ಲಾಂಟರುಗಳ ಕ್ಲಬ್ಬೊಂದಿತ್ತು. ಅದರ ಸೆಕ್ರೆಟರಿಗೆ ಅಳಿಯ ಇಂಗ್ಲೆಂಡಿನಿಂದ ಎಲೆಕ್ಟ್ರಿಕ್ ಗಾಲ್ಫ್ ಟ್ರಾಲಿ ತಂದುಕೊಟ್ಟಿದ್ದ. ಮೂರು ಗಾಲಿಯ ಸಣ್ಣ ಗಾಡಿ. ಆಟದ ಕೋಲುಗಳ ಚೀಲ ಇಟ್ಟು ಸ್ವಿಚ್ ಒತ್ತಿದರೆ ತಾನೇ ಮುಂದೆ ಹೋಗುತ್ತದೆ. ಕೆಳಗೆ ಹನ್ನೆರಡು ವೋಲ್ಟಿನ ಬ್ಯಾಟರಿ. ಅಲ್ಲಿಯವರೆಗೆ ಆ ಚೀಲ ಹೊತ್ತು ಆಟದ ಹಿಂದೆ ನಡೆಯುತ್ತಿದ್ದವನು ತಿಮ್ಮಯ್ಯ. ಗಾಡಿ ಬಂದ ಮೇಲೆ ಅವನನ್ನೇ ಅದರ ಆರೈಕೆಗೆ ಹಾಕಿದ್ದರು. ಅವನೂ ಅವನ ಹೆಂಡತಿಯೂ ಕ್ಲಬ್ಬಿನ ಆಳುಗಳ ಸಾಲುಮನೆ, ಅಂದರೆ ಲೈನಿನಲ್ಲಿ ಇದ್ದರು.

ಸೆಕ್ರೆಟರಿ ಫೋನಿನಲ್ಲೇ ತೀರ್ಪು ಕೊಟ್ಟಿದ್ದರು. “ನಮ್ಮ ಆಳು ಹೊಟ್ಟೆಕಿಚ್ಚಿಗೆ ಬ್ಯಾಟರಿಗೆ ಉಪ್ಪುನೀರು ಹುಯ್ದಿದಾನೆ. ಬಂದು ನೋಡಿ ಬರೆದುಕೊಡಿ.” ಬರೆಯಬೇಕಾದ್ದು ಏನೆಂದು ಅವರೇ ನಿರ್ಧರಿಸಿದ ಮೇಲೆ ನೋಡುವುದೇನು ಬಂತು ಎಂದು ಗೊಣಗಿಕೊಂಡೇ ಬೇಲೂರಿನ ಬಸ್ಸು ಹತ್ತಿದೆ.

ಷೆಡ್ಡಿನ ಬಾಗಿಲಲ್ಲಿ ತಿಮ್ಮಯ್ಯ ಟವಲ್ಲು ಕಂಕುಳಿಗೆ ಸಿಕ್ಕಿಸಿಕೊಂಡು ನಿಂತಿದ್ದ. ಮನೆ ಖಾಲಿ ಮಾಡು ಎಂದು ಅವನಿಗೆ ಆಗಲೇ ಹೇಳಿಯಾಗಿತ್ತು. ಕೆಲಸ, ಸೂರು ಎರಡೂ ನನ್ನ ಮಾತಿನ ಮೇಲೆ ನಿಂತಿದ್ದವು. ಬ್ಯಾಟರಿ ಕೆಡಿಸಿದವನೆಂಬ ಹೆಸರು ಬಂದರೆ ಸುತ್ತಮುತ್ತಲ ಯಾವ ಎಸ್ಟೇಟೂ ಅವನನ್ನು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ.

“ಹೊಟ್ಟೆಕಿಚ್ಚು ಯಾಕ್ ಬತ್ತದೆ ಸಾ? ಈ ಗಾಡಿ ಬಂದ್‌ಮ್ಯಾಲೇ ನನ್ ಬೆನ್ನು ನೆಟ್ಟಗಾಗಿರೋದು,” ಅಂದ.

ಬ್ಯಾಟರಿಗೆ ಕೈ ಹಾಕುವ ಮೊದಲು ಬಗ್ಗಿ ನೋಡಿದೆ. ಆರು ಸೆಲ್ಲುಗಳ ಆರೂ ಮುಚ್ಚಳಗಳ ಮೇಲೆ ಗಂಧ, ಕುಂಕುಮ. ಗಂಧ ಮುಚ್ಚಳದಿಂದ ಇಳಿದು ಒಣಗಿ, ಮುಚ್ಚಳಕ್ಕೂ ಡಬ್ಬಿಗೂ ಅಂಟಿಕೊಂಡಿತ್ತು. ಎಲ್ಲೂ ಬಿರುಕಿಲ್ಲ. ಪಕ್ಕದ ಚಾರ್ಜರಿಗೆ ಸುತ್ತಿದ ಹೂವು ಒಣಗಿ ಕಡ್ಡಿಯಾಗಿತ್ತು.

“ಇದು ಆಯುಧಪೂಜೆದಲ್ವೇನಯ್ಯ?”

“ಹ್ಞೂ ಸಾ. ಸೆಕ್ರೆಟ್ರಿ ದೊರೆಗಳೇ ಕೈಯಾರ ಇಟ್ಟಿದ್ದು. ಮುಂಚೆ ದಿನದ ಆಟದಲ್ಲಿ ಗಾಡಿ ನಿಂತೇ ಹೋಗಿತ್ತು, ನಾನೇ ತಳ್ಕೊಂಡ್ ಬಂದೆ. ಚಾರ್ಜಿಗೆ ಹಾಕ್‌ಬುಡ್ತೀನಿ ಅಂದೆ. ಪೂಜೆಗಿಟ್ಟಿದ್ದಕ್ಕೆ ಕರೆಂಟ್ ಕೊಡ್ತಾರೇನೋ, ನಾನು ಬಂದು ಕದಲಿಸೋಗಂಟ ಯಾರೂ ಮುಟ್ಟಕೂಡದು ಅಂದ್‌ಬುಟ್ಟು ಮದ್ರಾಸಿಗೆ ಹೊಂಟೋದ್ರು.”

ಪೂಜೆಗಿಟ್ಟ ಆಯುಧವನ್ನು ಮಾರನೆಯ ದಿನ ಮರುಪೂಜೆ ಮಾಡಿ, ಸ್ವಲ್ಪ ಕದಲಿಸಿದ ಮೇಲೆ ಬಳಸುವುದು ನಮ್ಮ ಕಡೆಯ ಪದ್ಧತಿ. ಸೆಕ್ರೆಟರಿ ಕದಲಿಸಲು ಬಂದದ್ದು ದೀಪಾವಳಿ ಕಳೆದ ಮೇಲೆ. ಆಗ ಸ್ವಿಚ್ ಒತ್ತಿದರೆ ಗಾಡಿ ಕದಲಲಿಲ್ಲ. ಲೆಡ್ ಆಸಿಡ್ ಬ್ಯಾಟರಿಗೆ ಮಡಿ ಮೈಲಿಗೆ ತಿಳಿಯದು. ಖಾಲಿಯಾದ ದಿನವೇ ಚಾರ್ಜ್ ಮಾಡಬೇಕು. ಹಾಗೇ ಬಿಟ್ಟರೆ ಪ್ಲೇಟುಗಳ ಮೇಲೆ ಸಲ್ಫೇಟ್ ಬಿಳಿ ಪೊರೆಯಾಗಿ ಕೂತು ಗಟ್ಟಿಯಾಗುತ್ತದೆ. ಆಮೇಲೆ ಕರೆಂಟು ಒಳಗೆ ಹೋಗುವುದಿಲ್ಲ.

ಸೆಕ್ರೆಟರಿಯನ್ನು ಕರೆದು, ಅವರೆದುರಿಗೇ ಆ ಗಂಧದ ಪದರ ಒಡೆದು ಮುಚ್ಚಳ ತೆಗೆದೆ. ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ 1250ರ ಸುತ್ತ ನಿಲ್ಲಬೇಕು. ಆರೂ ಸೆಲ್ಲಿನಲ್ಲಿ 1100ರ ಹತ್ತಿರ ಮುಳುಗಿತು. ಚಾರ್ಜಿಗೆ ಹಾಕಿ ಕಾದೆ. ಉಪ್ಪು ಬಿದ್ದಿದ್ದರೆ ಕ್ಲೋರಿನ್ ಘಾಟು ಮೂಗಿಗೆ ಬಡಿಯುತ್ತಿತ್ತು. ಬ್ಯಾಟರಿ ಬಿಸಿಯಾಯಿತೇ ಹೊರತು ಘಾಟೂ ಬರಲಿಲ್ಲ, ಹೈಡ್ರೋಮೀಟರೂ ಮೇಲೇಳಲಿಲ್ಲ.

“ಸಾರ್, ಪೂಜೆ ಆದಮೇಲೆ ಈ ಮುಚ್ಚಳ ಯಾರೂ ತೆಗೆದಿಲ್ಲ. ನೀವಿಟ್ಟ ಗಂಧವೇ ಸಾಕ್ಷಿ. ಚಾರ್ಜ್ ಇಲ್ಲದೆ ಬಿಟ್ಟಿದ್ದಕ್ಕೆ ಸತ್ತಿದೆ.”

ಸೆಕ್ರೆಟರಿಯ ಮುಖ ಕೆಂಪಗಾಯಿತು. ತಿಮ್ಮಯ್ಯನ ಕಡೆ ನೋಡಲೂ ಇಲ್ಲ. “ನೀವು ಬ್ಯಾಟರಿ ನೋಡೋಕೆ ಬಂದಿರೋದೋ, ಇವನ ವಕಾಲತ್ತಿಗೋ?”

“ಬ್ಯಾಟರಿ ನೋಡಿಯೇ ಹೇಳ್ತಿರೋದು ಸಾರ್.”

“ಆಯ್ತು, ಹೊರಡಿ.”

ಕಂಡದ್ದನ್ನೇ ರಿಪೋರ್ಟಿನಲ್ಲಿ ಬರೆದೆ. ಅದನ್ನು ಯಾರು ಓದಿದರೋ ದೇವರಿಗೇ ಗೊತ್ತು. ಅದೇ ವಾರ ತಿಮ್ಮಯ್ಯನನ್ನು ಲೈನಿನಿಂದ ಎಬ್ಬಿಸಿದರು. ಕ್ಲಬ್ಬಿನ ಮೆಂಬರುಗಳ ಬಾಯಲ್ಲಿ ಉಳಿದದ್ದು ಉಪ್ಪುನೀರಿನ ಕಥೆಯೇ. ನನ್ನ ಮೇಲೂ ಒಂದು ದೂರು ಹೋಯಿತು, ಅದಕ್ಕೆ ನಾನು ಸೊಪ್ಪು ಹಾಕಲಿಲ್ಲ. ಆದರೆ ಆ ಸೆಕ್ರೆಟರಿಯನ್ನು ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತದೆ.

ಮುಂದಿನ ವರ್ಷ ಹೊಸ ಬ್ಯಾಟರಿ ಬಂತು. ಜೋಡಿಸಲು ನನ್ನನ್ನೇ ಕರೆಸಿದರು, ಹತ್ತಿರದಲ್ಲಿ ಬೇರೆ ಯಾರೂ ಇರಲಿಲ್ಲವಲ್ಲ. ಷೆಡ್ಡಿನ ಗೋಡೆಗೆ ಹೊಸ ಬೋರ್ಡು ಹೊಡೆದಿದ್ದರು, ಕೆಳಗೆ ಸೆಕ್ರೆಟರಿ ಸಹಿ. ಮೊದಲನೇ ಸಾಲು: “ಆಟ ಮುಗಿದ ದಿನವೇ ಚಾರ್ಜಿಗೆ ಹಾಕತಕ್ಕದ್ದು. ಹಬ್ಬ, ಪೂಜೆಯೆಂದು ನಿಲ್ಲಿಸಕೂಡದು.” ಎರಡು ಸಲ ಓದಿದೆ. ಸ್ಪ್ಯಾನರ್ ಅಲ್ಲೇ ಬಿಸಾಕಿ ಬಂದುಬಿಡೋಣ ಅನ್ನಿಸಿತು. ನೌಕರಿ ನೋಡಿ, ಜೋಡಿಸಿಕೊಟ್ಟೇ ಬಂದೆ.

ವಾಪಸಾಗುವಾಗ ಬೇಲೂರು ಬಸ್ ಸ್ಟ್ಯಾಂಡಿನಲ್ಲಿ ತಿಮ್ಮಯ್ಯ ಸಿಕ್ಕಿದ. ಬಸ್ಸಿನ ಟಾಪಿಗೆ ಮೂಟೆ ಹೊರುತ್ತಿದ್ದ. ಬೆನ್ನು ಮತ್ತೆ ಬಾಗಿತ್ತು.

“ಹೊಸ ಬ್ಯಾಟ್ರಿ ಬಂತಂತಲ್ಲ ಸಾ. ಟೇಮಿಗೆ ಸರಿಯಾಗಿ ಚಾರ್ಜಿಗೆ ಹಾಕ್ತಾವ್ರಾ?”

“ಹಾಕ್ತಾರಂತೆ. ಬೋರ್ಡೇ ಬರೆಸಿದಾರೆ.”

“ಹಂಗಾರೆ ಸರಿ ಬುಡಿ,” ಅಂದು ಇನ್ನೊಂದು ಮೂಟೆಗೆ ಬಗ್ಗಿದ.

ಆ ನೌಕರಿ ನನಗೆ ಕಲಿಸಿದ ಪಾಠ ಇಷ್ಟೇ. ದೊಡ್ಡವರೂ ತಮ್ಮ ತಪ್ಪನ್ನು ತಿದ್ದಿಕೊಳ್ಳುತ್ತಾರೆ, ಬ್ಯಾಟರಿಯ ಮಟ್ಟಿಗೆ.