ಕಪ್ಪು ಮಚ್ಚೆಗೆ ನಾನು ಕೊಟ್ಟ ಹೆಸರು

ನೀಲಮ್ಮ, ಆ ದಿನ ನಿಮ್ಮ ಮಾತನ್ನು ನಾನು ತಿರುಚಿ ಹೇಳಿದೆ. ಗೊತ್ತಿದ್ದೇ, ಬೇಕೆಂದೇ.

ಬೆಳಿಗ್ಗೆ ಎಂದಿನಂತೆ ರೊಟ್ಟಿ ಬಡಿದು, ಹಿಂಡಿಪಲ್ಯ ಇಳಿಸಿ, ಹಿತ್ತಲಿನಲ್ಲಿ ಬಟ್ಟೆ ಹಿಂಡುತ್ತಿದ್ದೆ. ಗೋಡೆಯಾಚೆಯಿಂದ ನಿಮ್ಮ ದನಿ — "ಇಂಗ್ಲಿಷ್ ಕಲ್ತಾಳಂತ! ಮಂದಿ ಹೊಲದಾಗ ನೀರು ನಿಂದ್ರಸೋದು ಯಾವ ಸಾಲ್ಯಾಗ ಕಲ್ತಾಳೋ!" ಸೀರೆಯನ್ನು ಇನ್ನಷ್ಟು ಬಿಗಿಯಾಗಿ ಹಿಂಡಿದೆ.

ನೀವು ಅಂದದ್ದು ಸುಳ್ಳೇ? ಕಾಲುವೆ ಬಂದ ಮೇಲೆ ನಮ್ಮೂರು ಸಗರದ ಕೆಳಗೆ ಹಳ್ಳದ ದಂಡೆ ಮಳೆಗಾಲವೆಲ್ಲ ಕೆರೆಯಾಗುತ್ತಿತ್ತು. ಮೇಲಿನ ಹೊಲ ನಮ್ಮದು, ಕೆಳಗಿನದು ನಿಮ್ಮದು. ಭತ್ತಕ್ಕೆಂದು ನಾವು ಹಾಕಿದ ಒಡ್ಡು ಆ ನೀರನ್ನೆಲ್ಲ ನಿಮ್ಮ ಹೊಲಕ್ಕೆ ತಿರುಗಿಸಿತ್ತು.

ಮಧ್ಯಾಹ್ನ ನೆರೆಹಾವಳಿಯ ಅಧ್ಯಯನಕ್ಕೆ ಬಂದ ಹೊರರಾಜ್ಯದ ಅಧಿಕಾರಿಗಳ ಜೀಪು ಕೆಸರಿನಲ್ಲಿ ಹೊಲದವರೆಗೆ ಹೋಗಲಿಲ್ಲ. ನಮ್ಮ ಪಡಸಾಲೆಯಲ್ಲೇ ಉಪಗ್ರಹದ ಚಿತ್ರಗಳನ್ನು ಹರಡಿದರು. ಮೋಡವಿದ್ದರೂ ನೆಲ ಕಾಣುತ್ತದಂತೆ. ನಿಂತ ನೀರು ಕಪ್ಪಾಗಿ ಬೀಳುತ್ತದಂತೆ. ತಿಂಗಳು ತಿಂಗಳೂ ಅಲ್ಲೊಂದು ಕಪ್ಪು ಮಚ್ಚೆ — ನಿಮ್ಮ ಹೊಲ. ಆದರೆ ಭತ್ತಕ್ಕೆ ಬಿಟ್ಟ ನೀರೂ ಮೇಲಿನಿಂದ ಕಪ್ಪೇ. ಅದಕ್ಕೇ ನಿಮ್ಮನ್ನು ಕರೆಸಿ ಕೇಳಿದರು. ನೆರೆ ಎಂದಾದರೆ ನಿಂತ ನೀರನ್ನು ಹರಿಸಿಬಿಡಲು ಅಲ್ಲಿಗೆ ಬಸಿಗಾಲುವೆ ಬರುತ್ತಿತ್ತು, ನಮ್ಮ ಒಡ್ಡು ಒಡೆಯಬೇಕಾಗುತ್ತಿತ್ತು. ಅವರಿಗೆ ಕನ್ನಡ ಬಾರದು. ನಡುವೆ ನಾನು —

ನೀವು ಹೇಳಿದಿರಿ: "ಭತ್ತ ಎಲ್ಲೀದ್ರಿ? ಬಿತ್ತಿದ್ದೆಲ್ಲ ಕೊಳತು ಹೋಗ್ತದ. ನಿಂತ ನೀರಾಗ ಆಪಿನ ಹುಲ್ಲು ಎದಿಮಟ ಬೆಳದದ."

ನಾನು ಕಾನ್ವೆಂಟಿನ ನಯವಾದ ಇಂಗ್ಲಿಷಿನಲ್ಲಿ ಹೇಳಿದೆ — ಇವರು ಭತ್ತ ಬೆಳೆಯುತ್ತಾರೆ, ನೀರು ಇವರೇ ಬಿಟ್ಟದ್ದು.

ಅವರು ಮಚ್ಚೆಯ ಮೇಲೆ ಭತ್ತವೆಂದು ಹಸಿರು ಪೆನ್ಸಿಲಿನಿಂದ ಗೀಟು ಎಳೆದರು. ನಿಮ್ಮ ಕಾಲ್ಬೆರಳ ಸಂದಿಯಲ್ಲಿ ಆ ಹೊಲದ ಕೆಸರು ಇನ್ನೂ ಹಸಿಯಾಗಿತ್ತು. ಅದನ್ನು ನೋಡುತ್ತಲೇ ಹೇಳಿದ್ದೆ.

ಬಸಿಗಾಲುವೆ ಬರಲಿಲ್ಲ. ಹೊಲ ಬಿಟ್ಟು ನೀವೀಗ ಹುಣಸಗಿ ಕಡೆ ಬೇರೆಯವರ ಗದ್ದೆಯಲ್ಲಿ ನಾಟಿ ಹಚ್ಚುತ್ತೀರಿ. ಸಿಟ್ಟು ಎನ್ನಲೇ, ಒಡ್ಡಿನ ಆಸೆ ಎನ್ನಲೇ — ಎರಡೂ ಇದ್ದವು. ಹಾಗೆ ಹೇಳೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅಂದು ಸಂಜೆ ನೀವು ನಿಮ್ಮ ಬಾಗಿಲ ಮುಂದೆ ಕೂತು ಜೋಳ ಹಸನು ಮಾಡುತ್ತಿದ್ದಿರಿ. ಮೊರದಿಂದ ತಲೆಯೆತ್ತದೆಯೇ ಅಂದಿರಿ: "ಜಗಳ ಅದರ ಪಾಡಿಗೆ ಇರ್ಲಿ ಬಿಡ್ರಿ ಅಕ್ಕಾರ. ನಾ ಹೇಳಿದ್ದು ಹೇಳಿದಂಗ ಅವರಿಗೆ ಮುಟ್ಟಿಸಿದ್ರಿ, ಅಷ್ಟ ಸಾಕು."